ಟಪಾಲ ಖರ್ಚ ಬ್ಯಾರೆ

ಮೈಂದರ್ಗಿಯೊಳಗ ಸಂಜೀಕ ಒಲಿ ಆರಿದ ಮ್ಯಾಲ
ಹಂಚಿನ ಬೆನ್ನು ಇನ್ನೂ ಬಿಸಿ ಇರೂವಾಗ
ಫೋನ್ ಹಿಡಕೊಂಡ ಕೂಡತೀನಿ.
ಕಡಕ್ ರೊಟ್ಟಿ, ಇಪ್ಪತ್ತಕ್ಕ ನೂರಾ ಅರವತ್ತು.
ಶೇಂಗಾ ಚಟ್ನಿ, ನಾನೂರಾ ಐವತ್ತ ಗ್ರಾಂ
(ಅರ್ಧ ಕಿಲೋ ಅಲ್ಲ, ಪುಡಿಕಿಯ ತೂಕಕ್ಕ ಜಾಗ ಬಿಟ್ಟು).
ಅದರ ಕೆಳಗ ಒಂದ ಖಾಲಿ ಚೌಕ:
ಟಪಾಲ ಖರ್ಚ ಎಷ್ಟು?

ರೊಟ್ಟಿ ಬೆಲಿ ಬರಿಯೂವಾಗ ಕೈ ತಡದಿಲ್ಲ.
ಜ್ವಾಳ ಎಷ್ಟಕ್ಕ ತಂದೆ, ಕಟಗಿ ಎಷ್ಟ ಸುಟ್ಟೆ,
ಸುಶೀಲಾಬಾಯಿ ಬಡದದ್ದೆಷ್ಟು, ನಾ ಬಡದದ್ದೆಷ್ಟು
ಎಲ್ಲಾ ಬೆರಳ ಮ್ಯಾಲ ಐತಿ.
ದಾರಿಗೆ ಬೆಲಿ ಕಟ್ಟೂದು ಹೆಂಗ?
ನಾ ನಡೀದ ದಾರಿ,
ನಾ ನೋಡದ ಭಿಲಾಯಿ.

ನಮ್ಮವ್ವ ಅಕ್ಕಲಕೋಟ ಸ್ಟ್ಯಾಂಡಿನ್ಯಾಗ
ಕೆಂಪ ಬಸ್ಸಿನ ಕಂಡಕ್ಟರನ ಕೈಯಾಗ ಬುತ್ತಿ ಕೊಡತಿದ್ದಳು,
ಪುಣೇದಾಗ ಕಾರಖಾನಿ ಸೇರಿದ್ದ ಸೋದರಮಾವನ ಸಲುವಾಗಿ.
ಗಂಟಿನ ಹೊರಗ ಬ್ಯಾರೆ ಎರಡ ರೊಟ್ಟಿ,
ನಡುವ ಚಟ್ನಿ, ಒಂದ ಉಳ್ಳಾಗಡ್ಡಿ,
ಅದು ಕಂಡಕ್ಟರಂದು.
ಸೊಲ್ಲಾಪುರ ದಾಟೂದ್ರಾಗ ಅಂವ ತಿಂದ ಮುಗಸತಿದ್ದ.
ಅಷ್ಟ ಟಪಾಲ ಖರ್ಚ. ಯಾರೂ ಹೆಚ್ಚಾತು ಅಂದಿಲ್ಲ,
ಕಡಿಮಿ ಆತು ಅಂತನೂ.

ಈಗಿನ ಕೊರಿಯರ್ ಹುಡುಗ, ಇರ್ಫಾನ ಬಾಗವಾನ,
ತಕ್ಕಡಿಗಿಂತ ಮೊದಲ ಟೇಪು ತಗೀತಾನ.
ಉದ್ದ ಅಗಲ ಎತ್ತರ ಗುಣಸಿ
ಐದ ಸಾವಿರದಿಂದ ಭಾಗಸಿ
'ಎರಡ ಕಿಲೋ ಅಕ್ಕಾರ' ಅಂತಾನ.
'ಒಂದ ಕಿಲೋನೂ ತುಂಬಿಲ್ಲಪಾ!'
'ಉಳದದ್ದು ಗಾಳಿ.
ಗಾಡ್ಯಾಗ ಅದೂ ಕೂಡತೈತಲ್ಲ.'

ಗಾಳಿಗೆ ಯಾಕ ರೊಕ್ಕಂತ ಡಬ್ಬಿ ಸಣ್ಣದ ಮಾಡಿದೆ.
ಭಿಲಾಯಿಂದ ಫೋಟೋ ಬಂತು,
ಇಪ್ಪತ್ತ ರೊಟ್ಟಿ ಇನ್ನೂರ ಚೂರು.
ಕೆಳಗ ಸಿಟ್ಟಿಲ್ಲದ ಬರದಿದ್ದರು:
'ಮಜ್ಜಿಗ್ಯಾಗ ನೆನಸಿ ತಿಂದ್ವಿ. ಮುಂದಿನ ಸಲ ಮುರೀದಂಗ ಕಳಸ್ರಿ.'
ನಾ ಉಳಿಸಿದ ಮೂವತ್ತ ರೂಪಾಯಿ
ಯಾರ ಗಂಗಾಳದಾಗ ಒಡದ ಬಿತ್ತಂತ ಅವತ್ತ ತಿಳೀತು.

ಓಣಿಯ ಆ ತುದಿ ಪ್ರಭಾವತಿ 'ಟಪಾಲ ಪುಕಟ' ಅಂತ ಬರೀತಾಳ.
ಅಕಿ ರೊಟ್ಟಿಗೆ ಹನ್ನೆರಡು, ನನ್ನದಕ್ಕ ಎಂಟು.
ಇಪ್ಪತ್ತರ ಮ್ಯಾಲ ಎಂಬತ್ತ ರೂಪಾಯಿ
ರೊಟ್ಟಿಯ ಬಗಲಾಗ ಅಡಗಿ ಕುಂತೈತಿ.
ಮಂದಿ ಅಕಿ ಕಡೆ ಹೋಗ್ತಾರ.
'ನೀನೂ ಹಂಗ ಮಾಡಬೇ' ಅಂತಾಳ ಮಗಳು ತ್ರಿವೇಣಿ.
ಮಾಡತಿದ್ದೆ.
ಕಲಬುರ್ಗಿಯ ಸಾಲಿ ಬಾಯಾರು ನೆನಪಾಗತಾರ,
ಇಂದ ಹೋದ ಡಬ್ಬಿ ನಾಳೆ ಮುಟ್ಟೂ ಊರು.
ಭಿಲಾಯಿಯ ದೂರಾನ
ಅವರ ಹಿಟ್ಟಿನ್ಯಾಗ ಯಾಕ ನಾದಲಿ?

ಮೊನ್ನಿ ಒಂದ ಫಜೀತಿ.
ನಾಸಿಕದವರ ಹತ್ರ ಅಂದಾಜಿನ ಮ್ಯಾಲ ತಗೊಂಡಿದ್ದೆ,
ಪೋಸ್ಟಿನ ಖಿಡಕ್ಯಾಗ ಐದ ರೂಪಾಯಿ ಉಳೀತು.
ಅವರ ರೊಕ್ಕ ಅವರಿಗೆ ಅಂತ
ನಾಣ್ಯ ಕಾಗದದಾಗ ಸುತ್ತಿ ಚಟ್ನಿ ಜೋಡಿ ಇಟ್ಟು
ಮತ್ತ ಅಂಟಸಿ ಕೊಟ್ಟೆ.
ಕಾಂಬಳೆ ಮಾಮಾ ತೂಗಿದರು. ಚಾಳೀಸ ಮ್ಯಾಲ ಸರಿಸಿದರು.
'ಮಹಾನಂದಾ, ಮೊದಲ ನಾನೂರಾ ತೊಂಬತ್ತೇಳಿತ್ತು.
ಈಗ ಐದನೂರಾ ಮೂರು. ಮುಂದಿನ ದರ ಬಿತ್ತು ನೋಡ.'
ಐದ ರೂಪಾಯಿ ತಿರುಗಿ ಕೊಡಾಕ
ಅದಕ್ಕಿಂತ ಹೆಚ್ಚು ಕಟ್ಟಬೇಕು!
ಸಾಲಿನ್ಯಾಗ ನಿಂತವರೆಲ್ಲಾ ನಕ್ಕರು, ನಾನೂ.
ನಾಣ್ಯ ತಗದ ಸೆರಗಿಗೆ ಗಂಟ ಹಾಕಿದೆ.
ಸಂಜೀಕ ತ್ರಿವೇಣಿ ಫೋನಿನಾಗ ಐದ ರೂಪಾಯಿ ಹಾಕಿದಳು,
ತೂಕನ ಇಲ್ಲದ ರೊಕ್ಕ.
ನಾಸಿಕದವರು ಕೇಳಿದರು: 'ಇದು ಯಾತಕ್ಕ?'

ಇವತ್ತ ಚೌಕದಾಗ ಬರದೀನಿ:
ಹತ್ರದ ಊರಿಗೆ ಇಷ್ಟು. ದೂರದ ಊರಿಗೆ ಅಷ್ಟು.
ಗಾಳಿ ಸೇರಿ.
ಪ್ರಭಾವತಿ ಓದಿ ನಗಬಹುದು, ನಗಲಿ.

ಹೊರಗ ಇರ್ಫಾನನ ಗಾಡಿ ಬಂತು.
ಟೇಪು ಬಿಚ್ಚೂಕಿಂತ ಮೊದಲ
ಎರಡ ರೊಟ್ಟಿ, ನಡುವ ಚಟ್ನಿ, ಒಂದ ಉಳ್ಳಾಗಡ್ಡಿ.
ಇದಕ್ಕ ಚೌಕ ಇಲ್ಲ.
ಅಂವ ಗಾಡಿ ಮ್ಯಾಲ ಕುಂತ ತಿಂತಾನ,
ಖಾರಕ್ಕ ಮೂಗ ಒರಸಕೊಂತ
'ನೀರ ಕೊಡ್ರಿ ಅಕ್ಕಾರ' ಅಂತಾನ.